ಬೆನ್ನ ಹಿಂದಿನ ಪರದೆ

ಫೋಟೊ ಹಿಡಿಯುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟವನು ಮೂಲದಲ್ಲಿ ಪರದೆ ಬರೆಯುವವನು. ಫ್ರಾನ್ಸಿನ ಲೂಯಿ ದಾಗೇರ್ ನಾಟಕ ಮಂದಿರಗಳಿಗೆ ಸೀನು ಬರೆದುಕೊಂಡಿದ್ದ. 1822ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಡಯೋರಾಮ ಅಂತ ಒಂದು ಆಟ ತೆರೆದ. ಭಾರಿ ಪರದೆಯ ಮೇಲೆ ಬೆಟ್ಟ, ಕಣಿವೆ, ಇಗರ್ಜಿ ಬರೆದು, ಅದರ ಮೇಲೆ ಬೀಳುವ ಬೆಳಕನ್ನು ಬದಲಾಯಿಸುತ್ತಾ ಹಗಲನ್ನು ರಾತ್ರಿ ಮಾಡಿ ತೋರಿಸೋದು, ಅದಕ್ಕೆ ದುಡ್ಡು ತಗೊಳ್ಳೋದು. ಇದೇ ಮನುಷ್ಯನ ಹೆಸರು ಹೊತ್ತ ಫೋಟೊ ವಿಧಾನವನ್ನು 1839ರಲ್ಲಿ ಫ್ರೆಂಚ್ ಸರ್ಕಾರ ಲೋಕಕ್ಕೆ ಪ್ರಕಟ ಮಾಡಿತು. ಕ್ಯಾಮೆರಾ ಸತ್ಯವನ್ನೇ ಹೇಳುತ್ತಿತ್ತು, ಕಂಪ್ಯೂಟರ್ ಬಂದ ಮೇಲೆ ಎಲ್ಲ ಕೆಟ್ಟುಹೋಯಿತು ಅಂತ ಅಳುವ ಪಂಡಿತರು ಇದನ್ನು ನೆನಪಿಟ್ಟುಕೊಳ್ಳಬೇಕು. ಫೋಟೊ ಹುಟ್ಟಿದ್ದೇ ಪರದೆ ಬರೆಯುವವನ ಕೈಯಲ್ಲಿ.

ಇವತ್ತು ಹೋಬಳಿ ಪೇಟೆಯ ಸ್ಟುಡಿಯೊದಲ್ಲಿ ಕೂತ ಹುಡುಗ ಫೋಟೊಶಾಪ್ ತೆರೆದು, ಕೂತವರ ಹಿಂದಿನ ಸುಣ್ಣ ಉದುರಿದ ಗೋಡೆಯನ್ನು ಅಳಿಸಿ ಅಲ್ಲಿ ಹಿಮದ ಬೆಟ್ಟ ಇಡುತ್ತಾನೆ. ಈ ಕೆಲಸಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಅದನ್ನು ಕೇರಿಯ ಕಡೆಯಿಂದ ಯಾರೂ ಬರೆದಂತಿಲ್ಲ. ಯಾರ ಬೆನ್ನ ಹಿಂದೆ ಏನಿರಬೇಕು ಅನ್ನೋದನ್ನ ಯಾರು ಗೊತ್ತು ಮಾಡಿದರು? ಇದು ಬರೀ ಅಂದಚೆಂದದ ಪ್ರಶ್ನೆ ಅಂತ ತಿಳಿದವರು ಇನ್ನೊಂದು ಸಲ ಯೋಚಿಸಲಿ.

ಮೊದಮೊದಲು ಫೋಟೊಗೆ ಕೂರುವುದು ಅಂದರೆ ಒಂದು ಶಿಕ್ಷೆ. ರೆಪ್ಪೆ ಮಿಟುಕಿಸದೆ ಕೂರಬೇಕು. ತಲೆ ಅಲುಗದ ಹಾಗೆ ಹಿಂದಿನಿಂದ ಕಬ್ಬಿಣದ ಕವೆಯೊಂದನ್ನು ಕೊಡುತ್ತಿದ್ದರು. ಆಮೇಲೆ 1854ರಲ್ಲಿ ಪ್ಯಾರಿಸಿನ ದಿಸ್ದೇರಿ ಎಂಬಾತ ಒಂದೇ ಗಾಜಿನ ಮೇಲೆ ಹಲವು ಚಿಕ್ಕ ಫೋಟೊ ಹಿಡಿಯುವ ಉಪಾಯಕ್ಕೆ ಪೇಟೆಂಟ್ ಪಡೆದ. ರೇಟು ಇಳಿಯಿತು. ಗುಮಾಸ್ತರು, ಅಂಗಡಿಯವರು ಸ್ಟುಡಿಯೊ ಮೆಟ್ಟಿಲು ಹತ್ತಿದರು. ಅವರ ಬೆನ್ನಿಗೆ ದೊರೆಮನೆಯ ಕಂಬ, ಮಕಮಲ್ಲಿನ ತೆರೆ, ದೂರದಲ್ಲೊಂದು ಕೊಳ. ರಟ್ಟಿನ ಕಂಬ ಜಮಖಾನದ ಮೇಲೆ ನಿಂತಿರೋದನ್ನ ಕಂಡು ಆಗಿನ ರಸಿಕರೇ ನಗಾಡಿದ್ದಾರೆ. ನನಗೆ ನಗು ಬರುವುದಿಲ್ಲ. ಹುಟ್ಟಿನಿಂದ ಸಿಗದ ಕಂಬವನ್ನು ಅವನು ನಾಲ್ಕು ಕಾಸು ಕೊಟ್ಟು ಅರ್ಧ ಗಳಿಗೆ ಬಾಡಿಗೆಗೆ ತಗೊಂಡ. ಅದರಲ್ಲಿ ಯಾರ ಗಂಟು ಹೋಯಿತು?

ನಮ್ಮಲ್ಲಿಗೂ ಈ ಪರದೆ ಬೇಗ ಬಂತು. 1840ರ ದಶಕದಲ್ಲೇ ಕಲ್ಕತ್ತ, ಬೊಂಬಾಯಿಗೆ ಕ್ಯಾಮೆರಾ ಬಂದಿತ್ತು. 1854ರಲ್ಲಿ ಬೊಂಬಾಯಿಯಲ್ಲಿ ಫೋಟೊ ಹವ್ಯಾಸಿಗಳ ಸಂಘವೂ ಹುಟ್ಟಿತು. ಗುಬ್ಬಿ ಕಂಪೆನಿ ಶುರುವಾದದ್ದು 1884ರಲ್ಲಿ. ಕಂಪೆನಿ ನಾಟಕ ನೋಡಿದ ಹಿರಿಯರಿಗೆ ಅರಮನೆ ಸೀನು, ಬೀದಿ ಸೀನು, ಕಾಡು ಸೀನು ಅಂದರೆ ಗೊತ್ತು. ಸ್ಟುಡಿಯೊ ಪರದೆ ಅದರ ತಮ್ಮನೇ. ಜಾತ್ರೆಗಳಲ್ಲಿ ತಾಜಮಹಲು, ರಟ್ಟಿನ ವಿಮಾನ, ರಟ್ಟಿನ ಕಾರು ನಿಲ್ಲಿಸಿಕೊಂಡ ಫೋಟೊದವರು ಬಂದರು. ಊರೊಳಗೆ ಚಪ್ಪಲಿ ಮೆಟ್ಟಿ ನಡೆಯುವಂತಿಲ್ಲದವನು ಅಲ್ಲಿ ಕಾರಿನ ಬಾಗಿಲಿಗೆ ಮೊಣಕೈ ಊರಿ ಕೂತ. ಜಾತ್ರೆಯ ಪರದೆಗೆ ಮಡಿ ಮೈಲಿಗೆ ಇರಲಿಲ್ಲ, ದುಡ್ಡು ಕೊಟ್ಟವನೆಲ್ಲ ಗಿರಾಕಿ.

ಇದು ಒಂದು ಕ್ಯಾಮೆರಾ. ಅದೇ ಕಾಲದಲ್ಲಿ ಇನ್ನೊಂದು ಕ್ಯಾಮೆರಾ ದುಡ್ಡು ಕೇಳದೆ, ಒಪ್ಪಿಗೆಯನ್ನೂ ಕೇಳದೆ ನಮ್ಮ ಹಟ್ಟಿಗಳಿಗೆ ಬಂತು.

1857ರ ದಂಗೆಯ ನಂತರ ಇಂಗ್ಲಿಷರಿಗೆ ಈ ದೇಶದ ಜನ ಯಾರ್‍ಯಾರು ಅಂತ ಪಟ್ಟಿ ಮಾಡುವ ಹುಚ್ಚು ಹತ್ತಿತು. ವಾಟ್ಸನ್ ಮತ್ತು ಕೇ ಎಂಬ ಇಬ್ಬರು ಸೇರಿ 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟ ತಂದರು. ಅದರಲ್ಲಿ 400ಕ್ಕೂ ಹೆಚ್ಚು ಫೋಟೊ. ಬಹುಪಾಲು ಫೋಟೊಗಳ ಕೆಳಗೆ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರಿದೆ. 1869ರಲ್ಲಿ ಲಂಡನ್ನಿನ ಲ್ಯಾಂಪ್ರೆ ಎಂಬಾತ ಒಂದು ಚೌಕಟ್ಟು ಮಾಡಿದ; ಅದಕ್ಕೆ 2 ಇಂಚಿಗೊಂದರಂತೆ ರೇಷ್ಮೆ ದಾರ ಬಿಗಿದು, ಅದರ ಮುಂದೆ ಬೆತ್ತಲೆ ಮನುಷ್ಯನನ್ನು ನಿಲ್ಲಿಸಿ ಫೋಟೊ ಹಿಡಿಯಬೇಕು. ಕೈ ಎಷ್ಟು ಉದ್ದ, ಎದೆ ಎಷ್ಟು ಅಗಲ ಅಂತ ಚೌಕ ಎಣಿಸಿ ಹೇಳಬಹುದು. 1890ರ ದಶಕದಲ್ಲಿ ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ ಅಲ್ಲಿನ ಆದಿವಾಸಿಗಳನ್ನು ಹೀಗೇ ಚೌಕಳಿ ಹಲಗೆಯ ಮುಂದೆ ನಿಲ್ಲಿಸಿದ. ಗುಮಾಸ್ತನ ಬೆನ್ನಿಗೆ ಅರಮನೆ, ಆದಿವಾಸಿಯ ಬೆನ್ನಿಗೆ ಅಳತೆಪಟ್ಟಿ! ಅವರ ಹಿಂದೆ ಇದ್ದದ್ದು ಕಾಡು, ಕಡಲು, ಗುಡಿಸಲು, ಮಕ್ಕಳು. ಅದನ್ನೆಲ್ಲ ಒಂದು ಹಲಗೆಯಿಂದ ಮುಚ್ಚಿದರು. ಹಿನ್ನೆಲೆ ಬದಲಾವಣೆ ಅಂದರೆ ಇದೇ. ಇದಕ್ಕೆ ಅವರು ಇಟ್ಟ ಹೆಸರು ವಿಜ್ಞಾನ.

ಕನ್ನಡ ನಾಡಿಗೂ ಅದು ತಪ್ಪಲಿಲ್ಲ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಅಳತೆಕಡ್ಡಿ ಹಿಡಿದು ಜನರ ಮೂಗು ಅಳೆಯುತ್ತಾ ಸುತ್ತಿದ. ಅವನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ 7 ಸಂಪುಟ 1909ರಲ್ಲಿ ಬಂತು. ಆಗ ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಮದ್ರಾಸ್ ಪ್ರಾಂತ್ಯವೇ. ಮೈಸೂರಿನವರು ತಮಗೂ ಒಂದಿರಲಿ ಅಂತ 1928ರಿಂದ 1935ರವರೆಗೆ ನಂಜುಂಡಯ್ಯ, ಅನಂತಕೃಷ್ಣ ಅಯ್ಯರ್ ಹೆಸರಲ್ಲಿ 4 ಸಂಪುಟ ಹೊರಡಿಸಿದರು. ಹೊಲೆಯರು, ಮಾದಿಗರು ಎರಡರಲ್ಲೂ ಇದ್ದಾರೆ. ನಮ್ಮ ಅಜ್ಜ ಅಜ್ಜಿಯರ ಕಾಲದ ಮುಖ ನೋಡಬೇಕಾದರೆ ಇವತ್ತಿಗೂ ಇಂಥ ಪುಸ್ತಕಗಳನ್ನೇ ತಿರುವಬೇಕು. ಮಹಾರಾಜರ ವಂಶಕ್ಕೆ ಆಲ್ಬಂ ಇದೆ. ನಮಗೆ ಇರೋದು ನಮೂನೆ.

ಇದೇ ಹೊತ್ತಿಗೆ ಸಮುದ್ರದಾಚೆ ಒಬ್ಬ ಕಪ್ಪು ಮನುಷ್ಯ ಈ ಆಟವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. ಫ್ರೆಡರಿಕ್ ಡಗ್ಲಸ್. ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಓಡಿ, ಗುಲಾಮಗಿರಿಯ ವಿರುದ್ಧ ಅಮೆರಿಕವನ್ನೇ ನಡುಗಿಸಿದವನು. 1895ರಲ್ಲಿ ಅವನು ಸಾಯುವಷ್ಟರಲ್ಲಿ ಹಿಡಿದ ಫೋಟೊಗಳಲ್ಲಿ ಸುಮಾರು 160 ಪತ್ತೆಯಾಗಿವೆ. ಆ ಶತಮಾನದಲ್ಲಿ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ಅಮೆರಿಕದವನು ಅವನೇ ಅಂತ ಸಂಶೋಧಕರು ಹೇಳುತ್ತಾರೆ. ಬಿಳಿಯ ಚಿತ್ರಕಾರರು ಕಪ್ಪು ಜನರ ಮುಖ ಬರೆಯುವಾಗ ತುಟಿ ಮೂಗು ಹಿಗ್ಗಿಸದೆ ಬಿಡಲಾರರು ಅಂತ ಅವನು ತನ್ನ ಪತ್ರಿಕೆಯಲ್ಲಿ 1849ರಲ್ಲೇ ಬರೆದಿದ್ದ. ಹಾಗಾಗಿ ಕ್ಯಾಮೆರಾವನ್ನು ನೆಚ್ಚಿದ. ಅವನ ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿ: ಕಂಬ ಇಲ್ಲ, ಕೊಳ ಇಲ್ಲ, ಹೆಚ್ಚಿನವಲ್ಲಿ ಬರೀ ಖಾಲಿ ಹಿನ್ನೆಲೆ. ಅಂಡಮಾನಿನವನ ಹಿಂದಿದ್ದದ್ದೂ ಬೋಳು ಹಲಗೆ, ಇವನ ಹಿಂದಿರೋದೂ ಬೋಳೇ. ಅವನನ್ನು ಅಲ್ಲಿ ನಿಲ್ಲಿಸಿದರು. ಇವನು ತಾನೇ ನಿಂತ. ಕೋಟು ತೊಟ್ಟು, ಹುಬ್ಬು ಗಂಟಿಕ್ಕಿ, ನೋಡುವವನ ಕಣ್ಣು ತನ್ನ ಮುಖ ಬಿಟ್ಟು ಆಚೀಚೆ ಹೋಗದಂತೆ.

ಅದೇ ದೇಶದಲ್ಲಿ ಲಿಂಕನ್ನನ ಗತಿ ನೋಡಿ. ಅವನು ಗಂಭೀರವಾಗಿ ನಿಂತ ಒಂದು ಅಚ್ಚಿನ ಪಟ ಬಹಳ ಕಾಲ ಮನೆಮನೆಯ ಗೋಡೆ ಮೇಲಿತ್ತು. ಆಮೇಲೆ ನೋಡಿದರೆ ಆ ಪಟದಲ್ಲಿ ಲಿಂಕನ್ನನದು ತಲೆ ಮಾತ್ರ. ಮೈ, ಮೇಜು, ತೆರೆ ಎಲ್ಲ ಕಾಲ್‌ಹೌನ್ ಎಂಬಾತನ 1852ರ ಪಟದ್ದು. ಯಾರು ಈ ಕಾಲ್‌ಹೌನ್? ಗುಲಾಮಗಿರಿ ಒಳ್ಳೆಯದು ಅಂತ ಜೀವನವಿಡೀ ವಾದಿಸಿದ ದಕ್ಷಿಣದ ಜಮೀನುದಾರ! ಮೇಜಿನ ಮೇಲಿನ ಕಾಗದದಲ್ಲಿ ರಾಜ್ಯಗಳ ಸಾರ್ವಭೌಮತ್ವ ಅಂತ ಇದ್ದದ್ದನ್ನು ಕೆರೆದು ಬಿಡುಗಡೆಯ ಘೋಷಣೆ ಅಂತ ಬರೆದರು. ಪಟ ಮಾರುವವನಿಗೆ ಅವಸರ, ಲಿಂಕನ್ ಸತ್ತ ಬಿಸಿ ಆರುವುದರೊಳಗೆ ಮಾರಬೇಕು. ಗುಲಾಮರ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದವನನ್ನು ಗುಲಾಮರ ಧಣಿಯ ಕೋಣೆಯಲ್ಲಿ, ಧಣಿಯ ಮೈಯಲ್ಲೇ ನಿಲ್ಲಿಸಿದರು.

ಕತ್ತಲೆ ಕೋಣೆಯ ಕೈಚಳಕಗಳು ಇನ್ನೂ ಇವೆ. ಆಗಿನ ಫೋಟೊ ಗಾಜು ನೀಲಿ ಬೆಳಕಿಗೆ ಅತಿಯಾಗಿ ಮೆತುವಾಗುತ್ತಿದ್ದರಿಂದ ಆಕಾಶ ಬರೀ ಬಿಳಿಯಾಗಿ ಬರುತ್ತಿತ್ತು. ಅದಕ್ಕೆ 1850ರ ದಶಕದಲ್ಲೇ ಗುಸ್ತಾವ್ ಲ ಗ್ರೇ ಮೊದಲಾದವರು ಮೋಡವನ್ನೇ ಬೇರೆ ಹಿಡಿದು, ಎರಡನ್ನೂ ಸೇರಿಸಿ ಒಂದೇ ಕಾಗದಕ್ಕೆ ಇಳಿಸುತ್ತಿದ್ದರು. ರಾಜಸ್ಥಾನದ ನಾಥದ್ವಾರದ ಚಿತ್ರಗಾರರದು ಮತ್ತೊಂದು ವಿದ್ಯೆ. ಯಾತ್ರೆಗೆ ಬಂದ ಸಿರಿವಂತ ಭಕ್ತರ ಮುಖದ ಫೋಟೊ ಕತ್ತರಿಸಿ ಅಂಟಿಸಿ, ಮೈಯನ್ನೂ ಗರ್ಭಗುಡಿಯನ್ನೂ ಬಣ್ಣದಲ್ಲಿ ಬರೆದು, ಶ್ರೀನಾಥಜಿಯ ಮುಂದೆಯೇ ಅವರು ಕೈಮುಗಿದು ನಿಂತ ಹಾಗೆ ಮಾಡುತ್ತಿದ್ದರು. ಕತ್ತರಿ, ಅಂಟು ಇದ್ದರೆ ಸೇಠ್‌ಜಿ ಗರ್ಭಗುಡಿಯಲ್ಲಿ. ನಾಸಿಕದಲ್ಲಿ 1930ರ ಮಾರ್ಚ್‌ನಲ್ಲಿ ಬಾಬಾಸಾಹೇಬರ ಮುಂದಾಳುತನದಲ್ಲಿ ಸಾವಿರಾರು ಜನ ಕಾಳಾರಾಮನ ಗುಡಿಯ ಮುಂದೆ ನಿಂತಾಗ ಬಾಗಿಲು ಹಾಕಿಕೊಂಡಿತು. ವರ್ಷಗಟ್ಟಲೆ ನಿಂತರೂ ತೆಗೆಯಲಿಲ್ಲ. ಈಗ ಜಾತ್ರೆಯ ಫೋಟೊ ಅಂಗಡಿ ಐದು ನಿಮಿಷದಲ್ಲಿ ಯಾರನ್ನು ಬೇಕಾದರೂ ಗೋಪುರದ ಮುಂದೆ ನಿಲ್ಲಿಸಿ ಪ್ರಿಂಟು ಕೊಡುತ್ತೆ. ಪಟದಲ್ಲಿ ಒಳಗೆ, ಊರಲ್ಲಿ ಹೊರಗೆ ಅನ್ನೋ ಹಳ್ಳಿಗಳು ಇನ್ನೂ ಇವೆ ಅನ್ನೋದನ್ನ ಇದನ್ನು ಓದುವ ಮೇಷ್ಟ್ರುಗಳಿಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಕತೆ ಹೇಳದೆ ಮುಂದೆ ಹೋಗುವಂತಿಲ್ಲ, ಎಡಪಂಥದ ಗೆಳೆಯರು ಮುನಿಸಿಕೊಂಡರೂ ಸರಿಯೆ. 1937ರಲ್ಲಿ ಮಾಸ್ಕೊ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ನಡೆದು ಬರುವ ಫೋಟೊ ಇದೆ. ಅವನ ಪಕ್ಕದಲ್ಲಿ ಗುಪ್ತ ಪೊಲೀಸಿನ ಮುಖ್ಯಸ್ಥ ಯೆಜೋವ್. ಲಕ್ಷಾಂತರ ಜನರನ್ನು ಸೆರೆಗೆ, ಸಾವಿಗೆ ದೂಡಿದ ಇಲಾಖೆಯ ದೊರೆ. 1940ರಲ್ಲಿ ಅವನನ್ನೇ ಕೊಂದರು. ಆಮೇಲೆ ಆ ಫೋಟೊದಲ್ಲಿ ಅವನಿದ್ದ ಜಾಗದಲ್ಲಿ ಬರೀ ಕಾಲುವೆ ನೀರು. ಮನುಷ್ಯನನ್ನು ಕೆರೆದು ಅವನ ಮೇಲೆ ಹಿನ್ನೆಲೆಯನ್ನು ಹರಿಸಿದರು. ಚರಿತ್ರೆಯ ಪುಸ್ತಕಗಳಲ್ಲಿ ಈ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಬೆರಗಾಗುತ್ತಾರೆ. ನನಗೆ ಕಾಣುವುದೇ ಬೇರೆ. ಆ ಕಾಲುವೆ ತೋಡಿದವರು ಸೆರೆ ಶಿಬಿರದ ಕೈದಿಗಳು. ಅವರಲ್ಲಿ ಎಷ್ಟೋ ಜನ ಅಲ್ಲೇ ಸತ್ತರು. ಯೆಜೋವನನ್ನು ಅಳಿಸೋಕೆ ಅವನು ಫೋಟೊದಲ್ಲಾದರೂ ಇದ್ದ. ಕಾಲುವೆ ತೋಡಿದವರನ್ನು ಅಳಿಸುವ ಕೆಲಸವೇ ಬೀಳಲಿಲ್ಲ. ನಮ್ಮ ಅಣೆಕಟ್ಟುಗಳ ಉದ್ಘಾಟನೆ ಫೋಟೊಗಳನ್ನು ತೆಗೆದು ನೋಡಿ, ಕಲ್ಲು ಹೊತ್ತವರು ಎಲ್ಲಿದ್ದಾರೆ ಅಂತ.

ಈಗ ಕಂಪ್ಯೂಟರಿಗೆ ಬರೋಣ. 1987ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ನೋಲ್ ಚಿತ್ರ ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದ. ಅವನ ತಮ್ಮ ಜಾನ್ ಸಿನಿಮಾದ ಚಮತ್ಕಾರ ದೃಶ್ಯ ಮಾಡುವ ಕಂಪೆನಿಯಲ್ಲಿದ್ದ. ಇಬ್ಬರೂ ಬೆಳೆಸಿದ ಅದು 1990ರ ಫೆಬ್ರವರಿಯಲ್ಲಿ ಅಡೋಬಿ ಕಂಪೆನಿಯಿಂದ ಫೋಟೊಶಾಪ್ ಆಗಿ ಹೊರಬಂತು. ಮೊದಲ ವರ್ಷಗಳಲ್ಲಿ ಹಿಂದಿನದು ಮುಂದಿನದು ಎಲ್ಲ ಒಂದೇ ಹಾಳೆ. ಒಂದು ಸಲ ಅಂಟಿಸಿದರೆ ಮುಗಿಯಿತು. 1994ರಲ್ಲಿ ಮೂರನೆಯ ಆವೃತ್ತಿಗೆ ‘ಲೇಯರ್’ ಬಂತು. ಗಾಜಿನ ಹಾಳೆ ಮೇಲೆ ಗಾಜಿನ ಹಾಳೆ ಇಟ್ಟ ಹಾಗೆ: ಕೆಳಗಿನ ಹಾಳೆಯಲ್ಲಿ ಗೋಡೆ, ಮೇಲಿನದರಲ್ಲಿ ಮನುಷ್ಯ. ಮನುಷ್ಯನ ಅಂಚು ಹಿಡಿದು ಸುತ್ತ ಗೆರೆ ಎಳೆದು ಆರಿಸಿಕೊಳ್ಳಬೇಕು. ಭುಜ, ತೋಳು ಸುಲಭ. ಕಷ್ಟ ಕೊಡೋದು ಕೂದಲು. ಗುಂಗುರು ಕೂದಲ ಎಳೆ ಎಳೆಯ ನಡುವೆ ಹಳೇ ಗೋಡೆ ಇಣುಕುತ್ತಿರುತ್ತೆ. ಎಷ್ಟು ಅಳಿಸಿದರೂ ತಲೆಯ ಸುತ್ತ ಒಂದು ತೆಳು ಅಂಚು ಉಳಿದುಬಿಡುತ್ತೆ, ಬಿಟ್ಟು ಬಂದ ಮನೆಯ ಹಾಗೆ. ಪಳಗಿದವನು ಅದನ್ನೂ ತೆಗೆಯುತ್ತಾನೆ.

ಅಂಚು ತೆಗೆದ ಮೇಲೆ ಬೆಳಕು ಹೊಂದಬೇಕು. ಹಿಮದ ಬೆಟ್ಟದ ಬಿಳಿ ಬೆಳಕಿನಲ್ಲಿ ಬಿಸಿಲಲ್ಲಿ ದುಡಿದ ಮುಖ ಹೊಂದುವುದಿಲ್ಲ ಅಂತ ಹುಡುಗ ಮುಖವನ್ನು ತಿಳಿ ಮಾಡುತ್ತಾನೆ. ಗಿರಾಕಿಯೂ ಕೇಳುತ್ತಾನೆ, ‘ವಸಿ ಬೆಳ್ಳಗ್ ಮಾಡಣ್ಣ’. ಹಿನ್ನೆಲೆ ಬದಲಾಯಿಸಲು ಹೋಗಿ ಬಣ್ಣ ಬದಲಾಯಿತು. ಇದರ ತಿರುಗುಮುರುಗೂ ನಡೆದಿದೆ. 1994ರ ಜೂನಿನಲ್ಲಿ ಕಪ್ಪು ಆಟಗಾರ ಸಿಂಪ್ಸನ್ ಕೊಲೆ ಆರೋಪದ ಮೇಲೆ ಬಂಧನವಾದಾಗ ‘ಟೈಮ್’ ಪತ್ರಿಕೆ ಪೊಲೀಸ್ ಫೋಟೊವನ್ನು ಇನ್ನಷ್ಟು ಕಪ್ಪು ಮಾಡಿ ಮುಖಪುಟಕ್ಕೆ ಹಾಕಿತು. ಅದೇ ವಾರ ‘ನ್ಯೂಸ್‌ವೀಕ್’ ಅದೇ ಫೋಟೊವನ್ನು ಹಾಗೇ ಹಾಕಿದ್ದರಿಂದ ಗುಟ್ಟು ರಟ್ಟಾಯಿತು. ಮದುವೆಗೆ ಬೇಕಾದರೆ ಬಿಳಿ, ಅಪರಾಧಿ ಅನ್ನಬೇಕಾದರೆ ಕಪ್ಪು. ಯಂತ್ರ ಎರಡಕ್ಕೂ ಸಿದ್ಧ.

ಅಲ್ಲಿಯತನಕ ಕೈಯಾದರೂ ಮನುಷ್ಯನದಿತ್ತು. 2018ರಿಂದೀಚೆಗೆ ಮನುಷ್ಯ ಎಲ್ಲಿ ಮುಗಿದ, ಹಿನ್ನೆಲೆ ಎಲ್ಲಿ ಶುರುವಾಯಿತು ಅಂತ ಯಂತ್ರವೇ ಒಂದು ಗುಂಡಿ ಒತ್ತಿದರೆ ತೀರ್ಮಾನ ಮಾಡುತ್ತೆ. ಲಕ್ಷಾಂತರ ಫೋಟೊ ತೋರಿಸಿ ಅದಕ್ಕೆ ಪಾಠ ಹೇಳಿರುತ್ತಾರೆ. ಯಾರ ಮುಖ ಹೆಚ್ಚು ತೋರಿಸಿರುತ್ತಾರೋ ಅವರು ಅದಕ್ಕೆ ಚೆನ್ನಾಗಿ ಗುರುತು. 2020ರ ಸೆಪ್ಟೆಂಬರಿನಲ್ಲಿ, ಕೊರೊನಾ ಕಾಲದಲ್ಲಿ, ಕೆನಡಾದಿಂದ ಒಂದು ಸುದ್ದಿ ಹೊರಬಿತ್ತು. ಜೂಮ್ ಸಭೆಯಲ್ಲಿ ಕೂತ ಕಪ್ಪು ಅಧ್ಯಾಪಕರೊಬ್ಬರು ಕೃತಕ ಹಿನ್ನೆಲೆ ಹಾಕಿಕೊಂಡ ಕೂಡಲೆ ಅವರ ತಲೆಯೇ ಮಾಯವಾಗುತ್ತಿತ್ತು. ಅವರ ಕೋಣೆಯಲ್ಲಿ ತಿಳಿ ಬಣ್ಣದ ಒಂದು ಭೂಗೋಳ ಇತ್ತು. ಯಂತ್ರ ಅದನ್ನು ಮುಖ ಅಂತ ಉಳಿಸಿಕೊಂಡಿತು. ಅವರ ತಲೆಯನ್ನು ಹಿನ್ನೆಲೆ ಅಂತ ಅಳಿಸಿತು.

ಹಾಗಂತ ನಮ್ಮ ಜನ ಹಿನ್ನೆಲೆ ಬದಲಾಯಿಸಿಕೊಳ್ಳಬಾರದು ಅಂತ ಬೋಧನೆ ಮಾಡುವವರ ಸಾಲಿಗೆ ನಾನು ಸೇರಲಾರೆ. ಕೂಲಿ ಮಾಡಿ ಸತ್ತ ಅಪ್ಪನ ಫೋಟೊ ಬೇಕು ಅಂದಾಗ ಮನೆಯಲ್ಲಿ ಸಿಗೋದು ಮತದಾರರ ಚೀಟಿ, ಆಧಾರ್ ಕಾರ್ಡು, ಇಲ್ಲ ಯಾರದೋ ಮದುವೆ ಗುಂಪಿನ ಹಿಂದಿನ ಸಾಲು. ಮಗ ಅದನ್ನು ತಂದು ಸ್ಟುಡಿಯೊದಲ್ಲಿ ಕೊಡುತ್ತಾನೆ. ‘ಅಪ್ಪಯ್ಯಂಗೆ ಒಂದು ಕೋಟು ಹಾಕ್ಬುಡಣ್ಣ, ಹಿಂದ್ಕೆ ಆಕಾಸ ಇರ್‍ಲಿ.’ ಹುಡುಗ ತಲೆ ಮಾತ್ರ ಕತ್ತರಿಸಿ, ತನ್ನ ಹತ್ತಿರ ಸಿದ್ಧವಿರುವ ಕೋಟಿನ ಮೇಲೆ ಕೂರಿಸಿ, ಹಿಂದೆ ನೀಲಿ ಬಿಡುತ್ತಾನೆ. ಬದುಕಿದ್ದಾಗ ಅಂಗಿಯ ಗುಂಡಿ ಕೂಡ ಪೂರಾ ಇರದಿದ್ದ ಮನುಷ್ಯ ಗೋಡೆ ಮೇಲೆ ಕೋಟಿನಲ್ಲಿ ನಿಲ್ಲುತ್ತಾನೆ. ಇದನ್ನು ಸುಳ್ಳು ಅನ್ನುವವರು ಮೊದಲು ಕಂಬ, ಕೊಳ ಇಟ್ಟುಕೊಂಡ ತಮ್ಮ ತಾತಂದಿರ ಪಟ ಇಳಿಸಲಿ.

ಆ ಪಟದ ಪಕ್ಕದಲ್ಲೇ ಬಾಬಾಸಾಹೇಬರಿದ್ದಾರೆ. ಅವರ ಹೆಚ್ಚಿನ ಫೋಟೊಗಳು ಕಪ್ಪು ಬಿಳುಪು. ಕೋಟಿಗೆ ನೀಲಿ ತುಂಬಿದ್ದು ಪಟ ಬರೆಯುವವರು, ಕ್ಯಾಲೆಂಡರ್ ಅಚ್ಚು ಹಾಕುವವರು. ಹಿಂದೆ ಬುದ್ಧನನ್ನು, ಅಶೋಕ ಚಕ್ರವನ್ನು, ದುಂಡನೆಯ ಪಾರ್ಲಿಮೆಂಟನ್ನು ಇಟ್ಟವರೂ ಅವರೇ. ಬಾಬಾಸಾಹೇಬರನ್ನು ಕೇರಿಗೆ ಮಾತ್ರ ಮೀಸಲಿಟ್ಟು ನೋಡುವವರಿಗೆ ಈ ಪಟ ಉತ್ತರ ಕೊಡುತ್ತಾ ಬಂದಿದೆ. 1967ರಲ್ಲಿ ಆ ಪಾರ್ಲಿಮೆಂಟಿನ ಅಂಗಳದಲ್ಲೇ ಅವರ ಪ್ರತಿಮೆ ನಿಂತಿತು. 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಹೊಸ ಕಟ್ಟಡಕ್ಕೆ ಹೋಯಿತು. 2024ರ ಜೂನಿನಲ್ಲಿ ಆ ಪ್ರತಿಮೆಯನ್ನೂ ಗಾಂಧಿ, ಶಿವಾಜಿ ಪ್ರತಿಮೆಗಳನ್ನೂ ಎತ್ತಿ ಆವರಣದ ಮತ್ತೊಂದು ಮೂಲೆಗೆ ಸಾಗಿಸಿ ಪ್ರೇರಣಾ ಸ್ಥಳ ಅಂತ ಹೆಸರಿಟ್ಟರು. ವಿರೋಧ ಪಕ್ಷಗಳು ಕೂಗಾಡಿದವು. ಕಲ್ಲು ಕಂಚಿನ ಹಿನ್ನೆಲೆ ಬದಲಾಯಿಸಲು ಫೋಟೊಶಾಪ್ ಬೇಕಿಲ್ಲ, ಅಧಿಕಾರ ಸಾಕು. ನಮ್ಮ ಹಟ್ಟಿಯ ಪಟಗಳಲ್ಲಿ ಮಾತ್ರ ಅದೇ ದುಂಡು ಕಟ್ಟಡ, ಅದೇ ಜಾಗದಲ್ಲಿದೆ.

ಮನೆಗೋಡೆಯ ಮಾತು ಇಷ್ಟು. ಬೀದಿಯ ಮಾತು ಬೇರೆ, ಅದನ್ನು ಕಾರ್ಯಕರ್ತರು ಗಮನಿಸಬೇಕು.

1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ, ಜಾತಿಯ ಕಾರಣಕ್ಕೆ ಅವಮಾನ ಮಾಡಿದ್ದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂತ ತೋರಿಸಬೇಕು. 2020ರ ನವೆಂಬರಿನಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯೊಳಗೆ ಆಡಿದ ಮಾತಿಗೆ ಆ ಕಲಂ ಹತ್ತುವುದಿಲ್ಲ ಅಂತ ಹೇಳಿತು. ಅಂದಮೇಲೆ ಪೆಟ್ಟು ತಿಂದವನ ಮುಖದಷ್ಟೇ ಅವನ ಹಿಂದಿರುವ ಹೋಟೆಲಿನ ಬೋರ್ಡು, ಬಾವಿಕಟ್ಟೆ, ಬಸ್ ಸ್ಟ್ಯಾಂಡು, ನೋಡುತ್ತಾ ನಿಂತವರೂ ಮುಖ್ಯ. ನಮ್ಮ ಹುಡುಗರು ಏನು ಮಾಡುತ್ತಾರೆ? ಸಿಟ್ಟಿನ ಬಿಸಿಯಲ್ಲಿ ಪೆಟ್ಟಾದ ಮುಖ ಮಾತ್ರ ಕತ್ತರಿಸಿ, ಹಿಂದೆ ಕೆಂಪು ನೀಲಿ ಬಳಿದು, ಘೋಷಣೆ ಬರೆದು ಪೋಸ್ಟರ್ ಮಾಡಿ ಹಂಚುತ್ತಾರೆ. ಎದುರು ಪಕ್ಷದ ವಕೀಲನಿಗೆ ಬೇಕಾದದ್ದೂ ಅದೇ. ಈ ಫೋಟೊ ತಿದ್ದಿದ್ದು ಸ್ವಾಮಿ ಅಂತ ಎದ್ದು ನಿಲ್ಲುತ್ತಾನೆ.

ಪೋಸ್ಟರ್ ಬೇಕು, ಮಾಡಿ. ಆದರೆ ಪ್ರತಿಯ ಮೇಲೆ ಮಾಡಿ. ಹಿಡಿದ ಫೋನಿನಲ್ಲಿ ಮೂಲ ಫೈಲು ಹಾಗೇ ಇರಲಿ. ಕತ್ತರಿಸಬೇಡಿ, ತಿಳಿ ಮಾಡಬೇಡಿ, ಫೋನು ಮಾರಬೇಡಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತೆ, ಯಾವಾಗ ಎಲ್ಲಿ ಹಿಡಿದದ್ದು ಅನ್ನುವ ಒಳಗಿನ ವಿವರ ಉದುರಿಹೋಗುತ್ತೆ. ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಉಳಿಯುತ್ತೆ. ಹತ್ತಿರದಿಂದ ಒಂದು ಹಿಡಿದರೆ ಹತ್ತು ಹೆಜ್ಜೆ ಹಿಂದೆ ಸರಿದು ಇನ್ನೊಂದು ಹಿಡಿಯಿರಿ, ಬೀದಿ ಕಾಣುವ ಹಾಗೆ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಕಲಮಿನ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಫೋನಿನ ಫೋಟೊ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಅದರ ಜೊತೆ ಪ್ರಮಾಣಪತ್ರ ಬೇಕು. ಆ ಪತ್ರದ ನಮೂನೆ ಅಧಿನಿಯಮದ ಕೊನೆಯಲ್ಲೇ ಅಚ್ಚಾಗಿದೆ. ಅದನ್ನು ಹೇಗೆ ತುಂಬಬೇಕು, ಯಾರು ಸಹಿ ಹಾಕಬೇಕು ಅಂತ ತಾಲ್ಲೂಕಿನ ವಕೀಲರನ್ನು ಕೇಳಿ.